ಮುಚ್ಚಳದ ಮೇಲಿನ ವಿಭೂತಿ

ಆಗ ನನಗೆ ಐವತ್ತೆಂಟು ವರ್ಷ. ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ಖಿದಿರ್‌ಪುರದ ಬಂದರಿನ ಪಕ್ಕದ ನಮ್ಮ ಓಣಿಯ ತುದಿಯಲ್ಲಿ ಇಂಜಿನ್ ರಿಪೇರಿ ಮಾಡುವ ಮಿಸ್ತ್ರಿಯೊಬ್ಬನ ಅಂಗಡಿ ಇತ್ತು. ಎದುರಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಏಳೆಂಟು ಜನರ ಮುಂದೆ ನಾನು ಅವನನ್ನು ಕಳ್ಳ ಎಂದು ಕೂಗಿದೆ. ಮೂರು ಸಲ ಕೂಗಿದೆ. ನನ್ನ ದನಿ ಮೊದಲಿನಿಂದಲೂ ದೊಡ್ಡದು, ಹೊಲದ ಈ ಬದುವಿನಿಂದ ಆ ಬದುವಿಗೆ ಕರೆದು ರೂಢಿ. ಓಣಿಗೆಲ್ಲ ಕೇಳಿಸಿತು.

ಯಾಕೆ ಕೂಗಿದೆ ಎನ್ನುವುದನ್ನು ಮೊದಲಿನಿಂದ ಹೇಳಬೇಕು.

ನನ್ನ ಗಂಡ ಬಂದರಿನಲ್ಲಿ ಮರ ಕೊಯ್ಯುವ ಕೆಲಸದಲ್ಲಿದ್ದರು. ಹಡಗಿನ ಹೊಟ್ಟೆಯೊಳಗೆ ಸರಕು ಅಲುಗಾಡದಂತೆ ನಡುವೆ ಮರದ ತುಂಡು ತುರುಕುತ್ತಾರೆ, ಆ ತುಂಡುಗಳನ್ನು ಅಳತೆಗೆ ಕತ್ತರಿಸುವುದು ಅವರ ಕೆಲಸ. ಧಾರವಾಡದ ಕಡೆಯ ಹಳ್ಳಿಯಿಂದ ಮದುವೆಯಾದ ವರ್ಷವೇ ನನ್ನನ್ನು ಕರೆದುಕೊಂಡು ಬಂದಿದ್ದರು. ಮೂವತ್ತೆಂಟು ವರ್ಷ ಗರಗಸದ ಸದ್ದಿನಲ್ಲೇ ಇದ್ದು ಕಿವಿ ಅರ್ಧ ಹೋಗಿತ್ತು. ಅವಧಿಗೆ ಮೊದಲೇ ಮನೆಗೆ ಕಳಿಸುವ ಯೋಜನೆ ಬಂದಾಗ ಎಲ್ಲರ ಜೊತೆ ಇವರೂ ಸಹಿ ಹಾಕಿದರು. ಹಳೆಯ ಸಾಮಾನು ಹರಾಜಿಗೆ ಬಂದಾಗ, ಕೈಯಲ್ಲಿ ಹಿಡಿದು ದುಡಿದ ಚೈನ್ ಗರಗಸವನ್ನೇ ಮನೆಗೆ ತಂದರು. ಪೆಟ್ರೋಲಿನಲ್ಲಿ ಓಡುವ ಗರಗಸ ಅದು. ಮುಂದಿನ ಉದ್ದನೆಯ ಪಟ್ಟಿಯ ಸುತ್ತ ಹಲ್ಲಿನ ಸರಪಳಿ ತಿರುಗುತ್ತದೆ, ಹಿಂದೆ ಇಂಜಿನ್, ಪಕ್ಕದಲ್ಲಿ ಎಳೆಯುವ ಹಗ್ಗ.

ಆ ವರ್ಷಗಳಲ್ಲಿ ಊರೆಲ್ಲ ಕಟ್ಟಡ ಏಳುತ್ತಿದ್ದವು. ಆ ಕಡೆ ಕಂಪ್ಯೂಟರ್ ಆಫೀಸುಗಳು ಬಂದವು, ಅಲ್ಲಿ ಕೆಲಸ ಮಾಡುವವರಿಗೆ ಮನೆ ಬೇಕು ಎಂದು ಈ ಕಡೆ ಊರ ಹೊರಗಿನ ಜೋಕಾದ ತನಕ ತೋಟ, ಕೊಳ ಎಲ್ಲ ಮುಚ್ಚಿ ಫ್ಲಾಟ್ ಕಟ್ಟಿದರು. ಕಟ್ಟುವ ಮೊದಲು ಮರ ಕಡಿಯಬೇಕಲ್ಲ. ಇವರಿಗೆ ಕರೆ ಬರುತ್ತಿತ್ತು. ನಾನು ಮನೆಯಲ್ಲಿ ಅರ ಹಿಡಿದು ಸರಪಳಿಯ ಹಲ್ಲು ಒಂದೊಂದನ್ನೇ ಉಜ್ಜಿ ಚೂಪು ಮಾಡಿ ಕೊಡುತ್ತಿದ್ದೆ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಡಬ್ಬಿ ತುಂಬಿಡುತ್ತಿದ್ದೆ. ಯಂತ್ರದ ಹೊಟ್ಟೆಯೊಳಗಿನದು ಮಾತ್ರ ಮಿಸ್ತ್ರಿಗೆ.

ಮಿಸ್ತ್ರಿ ಐವತ್ತರ ಆಸುಪಾಸಿನವನು, ಐದು ಹೊತ್ತು ನಮಾಜು ತಪ್ಪಿಸದವನು, ಮಾತು ಕಡಿಮೆ. ನಮ್ಮ ಓಣಿಯ ಪಂಪು, ಸ್ಕೂಟರು, ದುರ್ಗಾಪೂಜೆ ನಡೆಸುವ ಕ್ಲಬ್ಬಿನವರು ತರುವ ಜನರೇಟರು, ಎಲ್ಲ ಅವನ ಕೈಯಲ್ಲೇ. ಗರಗಸ ನಮ್ಮದೇ ಆದ ಮೇಲೆ ಬಂದ ಮೊದಲ ನವರಾತ್ರಿಗೆ ನಾನೇ ಗಂಡನಿಗೆ ಹೇಳಿದೆ, ಖಂಡೆ ಪೂಜೆಗೆ ಮೊದಲು ಒಮ್ಮೆ ಪೂರ್ತಿ ಬಿಚ್ಚಿಸಿ ತೊಳೆಸಿ ಎಂದು. ಮೈಸೂರಿನ ಕಡೆಯವರು ಆಯುಧ ಪೂಜೆ ಅನ್ನುವುದನ್ನು ನಾವು ಖಂಡೆ ಪೂಜೆ ಅನ್ನುತ್ತೇವೆ. ಮಿಸ್ತ್ರಿ ಬಿಚ್ಚಿ, ತೊಳೆದು, ಜೋಡಿಸಿ ಕೊಟ್ಟ. ಅಂಗಡಿಯ ಮುಂದೆಯೇ ಓಡಿಸಿ ತೋರಿಸಿದ. ಕಿವಿ ಹರಿಯುವಂತೆ ಓಡಿತು.

ನವಮಿಯ ದಿನ ಅದನ್ನು ಮಣೆಯ ಮೇಲೆ ಕೂರಿಸಿದೆ. ಬಂದರಿನಲ್ಲಿದ್ದಾಗ ಅದಕ್ಕೆ ವಿಶ್ವಕರ್ಮ ಪೂಜೆಯ ದಿನ ಒಂದು ಚೆಂಡುಹೂವಿನ ಹಾರ ಹಾಕಿ ಕೈ ಮುಗಿದು ಬಿಡುತ್ತಿದ್ದರು. ನಮ್ಮ ಮನೆಯ ಪೂಜೆ ಹಾಗಲ್ಲ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಲ್ಲಿ ಮೈಗೆಲ್ಲ ಎಳೆದು, ನಡುವೆ ಒಂದು ದಪ್ಪ ಬೊಟ್ಟು ಇಟ್ಟು, ಅದರ ಮೇಲೆ ಎಣ್ಣೆ ಹಾಕಿ ಕಲಸಿದ ಕುಂಕುಮ. ಬೊಟ್ಟು ಎಲ್ಲಿಡಲಿ ಎಂದು ನೋಡಿದೆ. ಪೆಟ್ರೋಲ್ ಟ್ಯಾಂಕಿಯ ಕರಿ ಮುಚ್ಚಳ ದುಂಡಗೆ ಹಣೆಯ ಹಾಗಿತ್ತು, ಅದರ ನಡುವೆ ಬೊಟ್ಟಿಗೆಂದೇ ಮಾಡಿದಂತೆ ಒಂದು ತಗ್ಗು. ಅಲ್ಲಿ ಒತ್ತಿ ಇಟ್ಟೆ. ಆಮೇಲೆ ಪ್ರತಿ ಅಮಾವಾಸ್ಯೆಗೂ ಅದರ ಮೇಲೆ ಇನ್ನೊಂದು ಇಡುತ್ತ ಬಂದೆ.

ಪೂಜೆಯಾದ ಮೂರನೇ ದಿನ ಇವರು ಕೆಲಸಕ್ಕೆ ಹೋದರು. ಮಧ್ಯಾಹ್ನವೇ ತಿರುಗಿ ಬಂದು ಗರಗಸವನ್ನು ದಬ್ ಎಂದು ಇಳಿಸಿದರು.

"ಏನಾತ್ರಿ?"

"ಶುರು ಆಗ್ತೈತಿ, ಒಂದು ನಿಮಿಷ ಓಡಿ ಸಾಯ್ತೈತಿ. ಆಮ್ಯಾಲ ಎಷ್ಟ ಜಗ್ಗಿದ್ರೂ ಏಳೂದಿಲ್ಲ. ನನ್ನ ರಟ್ಟಿ ಹೋಗೂದೊಂದು ಬಾಕಿ."

ಇಬ್ಬರೂ ಮಿಸ್ತ್ರಿಯ ಅಂಗಡಿಗೆ ಹೋದೆವು. ಅವನು ಟ್ಯಾಂಕಿಯ ಮುಚ್ಚಳ ತೆಗೆಯುವಾಗ ಕೈಗೆ ಬಟ್ಟೆ ಸುತ್ತಿಕೊಂಡ. ತೆಗೆದದ್ದನ್ನು ಒಂದು ಹೊಸ ಪೇಪರು ಮಡಿಸಿ ಅದರ ಮೇಲೆ ದೂರ ಇಟ್ಟ. ನಾನು ನೋಡುತ್ತಲೇ ಇದ್ದೆ. ನಮ್ಮ ವಿಭೂತಿ ಮುಟ್ಟಲಿಕ್ಕೆ ಹೇಸಿದ ಎಂದುಕೊಂಡೆ. ನನಗೆ ಸಿಟ್ಟು ಹತ್ತಿದ್ದು ಅಲ್ಲಿ. ಅವನು ಮೊಳೆಗೆ ಒಂದು ಬಾಟಲಿ ಪೆಟ್ರೋಲ್ ತೂಗುಹಾಕಿ, ಅದರ ಪೈಪನ್ನು ಇಂಜಿನ್ನಿಗೆ ಸಿಕ್ಕಿಸಿ ಹಗ್ಗ ಎಳೆದ. ಒಂದೇ ಎಳೆತ. ಗರಗಸ ಚೀರತೊಡಗಿತು. ಐದು ನಿಮಿಷ ಬಿಟ್ಟ, ನಿಲ್ಲಲಿಲ್ಲ.

"ಇಂಜಿನ್ ಸರಿ ಇದೆ. ಸ್ವಲ್ಪ ನಿಲ್ಲಿ ಭಾಭಿ, ಟ್ಯಾಂಕಿಯಿಂದಲೂ ಓಡಿಸಿ ನೋಡ್ತೀನಿ," ಎಂದ. ನಾವು ಮಾತಾಡುತ್ತಿದ್ದುದು ಹಿಂದಿ, ನನ್ನದು ಮುರುಕು ಹಿಂದಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

"ಓಡಿತಲ್ಲ, ಇನ್ನೇನು ನೋಡೋದು!" ಎಂದು, ಅವನು ಪೈಪು, ಮುಚ್ಚಳ ಮೊದಲಿನ ಹಾಗೆ ಹಾಕಿದ ಕೂಡಲೇ ನಾನು ಎತ್ತಿಕೊಂಡು ಹೊರಟೇಬಿಟ್ಟೆ.

ಮನೆಗೆ ತಂದು ಟ್ಯಾಂಕಿ ತುಂಬಿ ಎಳೆದರೆ, ಒಂದು ನಿಮಿಷ. ಆಮೇಲೆ ಹೆಣ.

ಅವನ ಅಂಗಡಿಯಲ್ಲಿ ಓಡುತ್ತದೆ, ನಮ್ಮ ಕೈಯಲ್ಲಿ ಸಾಯುತ್ತದೆ. ಬಿಚ್ಚಿದವನು ಅವನು, ಜೋಡಿಸಿದವನು ಅವನು. ಒಳಗಿನ ಒಳ್ಳೆಯ ಸಾಮಾನು ತೆಗೆದು ಬಜಾರದ ಹಳೆಯದನ್ನು ಹಾಕಿದ್ದಾನೆ ಎಂದು ಮೊದಲು ಅಂದವಳು ನಾನು. ಗಂಡ "ಇರಬಹುದು" ಅಂದರು, ಅಷ್ಟೇ. ನಾನು ಸೆರಗು ಸಿಕ್ಕಿಸಿಕೊಂಡು ನಡೆದೆ. ಆಗಲೇ ಕೂಗಿದ್ದು. ಮಿಸ್ತ್ರಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಬೆಂಚಿನ ಮೇಲಿದ್ದವರನ್ನು ನೋಡಿದ, ನನ್ನನ್ನು ನೋಡಿದ. "ಮಶೀನ್ ತನ್ನಿ ಭಾಭಿ, ಎಲ್ಲರ ಮುಂದೆ ಬಿಚ್ಚಿ ತೋರಿಸ್ತೀನಿ," ಎಂದ. "ಇನ್ನೊಮ್ಮೆ ಕದಿಯಲಿಕ್ಕೋ?" ಎಂದೆ ನಾನು.

ಬೆಂಚಿನ ಮೇಲೆ ಕ್ಲಬ್ಬಿನ ಕಾರ್ಯದರ್ಶಿಯೂ ಕೂತಿದ್ದ. ದೀಪಾವಳಿಯ ಕಾಳಿಪೂಜೆಯ ಹೊತ್ತಿಗೆ ಜನರೇಟರಿನ ಕೆಲಸ ಬೇರೆಯವನಿಗೆ ಹೋಯಿತು. ನೀರಿನ ಪಂಪು ಹೋಯಿತು. ಸ್ಕೂಟರಿನವರು ಟ್ರಾಮ್ ಡಿಪೋದ ಕಡೆಯ ಅಂಗಡಿಗೆ ಹೋಗತೊಡಗಿದರು. ಚಳಿಗಾಲವೆಲ್ಲ ಮಿಸ್ತ್ರಿ ಅಂಗಡಿಯ ಬಾಗಿಲಲ್ಲಿ ಖಾಲಿ ಕೂತಿರುತ್ತಿದ್ದ. ನಾನು ಎದುರು ಹಾದುಹೋಗುವಾಗ ಮುಖ ತಿರುಗಿಸುತ್ತಿರಲಿಲ್ಲ, ನೆಟ್ಟಗೆ ನೋಡುತ್ತಿದ್ದ. ನಾನೂ ನೆಟ್ಟಗೆ ನೋಡುತ್ತಿದ್ದೆ. ಕಳ್ಳನಿಗೆ ಎಷ್ಟು ಧೈರ್ಯ ಎಂದುಕೊಳ್ಳುತ್ತಿದ್ದೆ.

ಗಂಡ ಕೊಡಲಿ, ಕೈಗರಗಸ ಹಿಡಿದು ಚಿಕ್ಕಪುಟ್ಟ ಕೊಂಬೆ ಕಡಿಯುವುದಕ್ಕೆ ಇಳಿದರು. ಹೊಸ ಪ್ಲಗ್ಗು ತಂದು ಹಾಕಿದರು, ಪೈಪು ಬದಲಿಸಿದರು. ಚೈನ್ ಗರಗಸ ಒಂದು ನಿಮಿಷ ಓಡಿ ಸಾಯುವುದನ್ನು ಬಿಡಲಿಲ್ಲ. ನಾನು ಬೊಟ್ಟು ಇಡುವುದನ್ನು ಬಿಡಲಿಲ್ಲ.

ಬೇಸಿಗೆ ಶುರುವಾಗಿ, ಸಂಜೆಯ ಹೊತ್ತು ಏಳುವ ಬಿರುಗಾಳಿಯ ದಿನಗಳು ಬಂದವು. ಇಲ್ಲಿ ಅದಕ್ಕೆ ಕಾಲಬೈಶಾಖಿ ಅನ್ನುತ್ತಾರೆ. ಒಂದು ದಿನ ಮೂರು ಗಂಟೆಗೇ ಆಕಾಶ ಕಪ್ಪಾಗಿ, ಅರ್ಧ ತಾಸು ಬೀಸಿ ನಿಂತಿತು. ಹೊರಗೆ ಬಂದು ನೋಡಿದರೆ ಓಣಿಯ ನಡುವಿನ ಗುಲ್‌ಮೊಹರ್ ಮರ ಬೇರು ಸಮೇತ ಅಡ್ಡ ಬಿದ್ದಿದೆ. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ. ನೀರಿನ ನಲ್ಲಿಯೂ ಕೊಂಬೆಗಳ ಕೆಳಗೆ.

"ದಾದಾ, ನಿಮ್ಮ ಗರಗಸ ತನ್ನಿ," ಎಂದು ಒಬ್ಬ ಕೂಗಿದ.

"ಅದು ಕೆಲಸದ್ದಲ್ಲ, ಪೂಜೆಗೆ ಇಟ್ಟ ಠಾಕೂರು," ಎಂದ ಕ್ಲಬ್ಬಿನ ಕಾರ್ಯದರ್ಶಿ. ಬಂಗಾಳಿಯಲ್ಲಿ ಠಾಕೂರು ಅಂದರೆ ದೇವರು. ಎಲ್ಲರೂ ನಕ್ಕರು.

ಇವರಿಗೆ ರೋಷ ಬಂತು. ತಂದರು, ಟ್ಯಾಂಕಿ ತುಂಬಿದರು, ಎಳೆದರು. ಎದ್ದಿತು. ಮೊದಲ ಕೊಂಬೆಯ ಅರ್ಧಕ್ಕೆ ಬಂದು ಕೆಮ್ಮಿ ನಿಂತಿತು. ಇಪ್ಪತ್ತು ಸಲ ಎಳೆದಿರಬೇಕು. "ಕಳ್ಳ ಸೂಳೇಮಗ," ಎಂದು ಮರದ ಆಚೆ ಮಿಸ್ತ್ರಿಯ ಅಂಗಡಿಯ ಕಡೆಗೆ ಮುಖ ಮಾಡಿ ಕನ್ನಡದಲ್ಲೇ ಬೈದರು. ಗರಗಸವನ್ನು ನನ್ನ ಕಾಲ ಹತ್ತಿರ ಇಟ್ಟು ಕೊಡಲಿ ತರಲಿಕ್ಕೆ ಒಳಗೆ ಹೋದರು.

ನಾನು ಕಟ್ಟೆಯ ಮೇಲೆ ಕೂತು ಗರಗಸವನ್ನು ತೊಡೆಗೆ ಎಳೆದುಕೊಂಡೆ. ಆ ತನಕ ಹಲ್ಲು ಉಜ್ಜುವುದು, ಪೂಜೆ ಮಾಡುವುದು ಬಿಟ್ಟರೆ ಅದಕ್ಕೆ ನಾನು ಕೈ ಹಾಕಿದವಳಲ್ಲ. ಪಾನಾ ಹಾಕಿ ಪ್ಲಗ್ಗು ತಿರುಗಿಸಿ ತೆಗೆದೆ. ಗಂಡ ಗೊಣಗುತ್ತಿದ್ದುದು ಕಿವಿಯಲ್ಲಿ ಉಳಿದಿತ್ತು, ಪ್ಲಗ್ಗು ಒದ್ದೆ ಇದ್ದರೆ ಇಂಜಿನ್ ಪೆಟ್ರೋಲಿನಲ್ಲಿ ಮುಳುಗಿದೆ, ಒಣಗಿದ್ದರೆ ಪೆಟ್ರೋಲ್ ಸಿಗದೆ ಹಸಿದಿದೆ. ಇಪ್ಪತ್ತು ಸಲ ಎಳೆದ ಇಂಜಿನ್ನಿನ ಪ್ಲಗ್ಗು ಒಲೆಯ ಮುಂದಿನ ಕಡ್ಡಿಯ ಹಾಗೆ ಒಣಗಿತ್ತು. ಟ್ಯಾಂಕಿ ನೋಡಿದರೆ ಮೇಲಿನ ತನಕ ತುಂಬಿದೆ, ಅಲುಗಿಸಿದರೆ ಗುಳುಗುಳು ಅನ್ನುತ್ತದೆ. ತುಂಬಿದ ತಟ್ಟೆಯ ಮುಂದೆ ಉಪವಾಸ ಕೂತ ಹಾಗೆ. ಪ್ಲಗ್ಗನ್ನು ಮೊದಲಿನ ಹಾಗೆ ಸಿಕ್ಕಿಸಿದೆ.

ಪೆಟ್ರೋಲ್ ಇದೆಯೋ ಬರೀ ಸದ್ದೋ ನೋಡೋಣ ಎಂದು ಮುಚ್ಚಳ ತಿರುಗಿಸಿದೆ. ಒಂದು ಸುತ್ತು ಬಿಡುವಷ್ಟರಲ್ಲಿ ಸ್ಸ್ ಎಂದಿತು. ಗಾಳಿ ಒಳಗೆ ನುಗ್ಗಿದ ಸದ್ದು.

ಆ ಸದ್ದು ನನಗೆ ಗೊತ್ತು. ಎಣ್ಣೆ ಡಬ್ಬಿಯ ಸದ್ದು ಅದು. ಹೊಸ ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಒಮ್ಮೆ ಬುಳಕ್ ಎಂದು ಬಿದ್ದು ನಿಲ್ಲುತ್ತದೆ. ಆಚೆ ಮೂಲೆಗೆ ಎರಡನೇ ತೂತು ಹೊಡೆದರೆ ಸ್ಸ್ ಎಂದು ಗಾಳಿ ಹೋಗಿ ಎಣ್ಣೆ ಧಾರೆಯಾಗಿ ಬರುತ್ತದೆ. ನಾನು ಮದುವೆಯಾದಾಗಿನಿಂದ ಎಷ್ಟು ಡಬ್ಬಿಗೆ ಮೊಳೆ ಹೊಡೆದಿದ್ದೇನೋ. ಗಂಡ ಈ ಮುಚ್ಚಳವನ್ನು ನೂರು ಸಲ ತೆಗೆದಿದ್ದಾರೆ, ಅವರ ಕಿವಿಗೆ ಆ ಸದ್ದು ಬೀಳುವುದಿಲ್ಲ. ತೆಗೆದಾಗ ಒಳಗೆ ಗಾಳಿ ಹೋಗುತ್ತದೆ, ಅದಕ್ಕೇ ಒಂದು ನಿಮಿಷ ಓಡುತ್ತದೆ. ಗಾಳಿ ತೀರಿದ ಕೂಡಲೇ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ.

ಹಾಗಾದರೆ ಇದಕ್ಕೂ ಎರಡನೇ ತೂತು ಇರಲೇಬೇಕು. ಇದನ್ನು ಮಾಡಿದವರು ನನಗಿಂತ ದಡ್ಡರೇನಲ್ಲ. ಟ್ಯಾಂಕಿಯ ಸುತ್ತ ಬೆರಳಾಡಿಸಿದೆ, ಇಲ್ಲ. ಮುಚ್ಚಳ ಬೋರಲು ಹಾಕಿ ಒಳಗಡೆ ನೋಡಿದೆ. ನಟ್ಟನಡುವೆ ಸೂಜಿ ಹೋಗುವಷ್ಟು ತೂತು. ಬೆಳಕಿಗೆ ಹಿಡಿದೆ. ಬೆಳಕು ಬರಲಿಲ್ಲ. ಮುಚ್ಚಳವನ್ನು ಮೇಲುಮುಖ ಮಾಡಿದೆ.

ನನ್ನ ಬೊಟ್ಟು.

ಆರು ಅಮಾವಾಸ್ಯೆಯ ವಿಭೂತಿ ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತಿತ್ತು, ಮೇಲೆ ಕುಂಕುಮ.

ನನಗೆ ಅಳು ಬರಲಿಲ್ಲ. ಸುತ್ತ ಜನ ಕೂಗಾಡುತ್ತಿದ್ದರು, ಹೆಂಗಸರು ಕೊಡ ಹಿಡಿದು ನಲ್ಲಿಗಾಗಿ ಜಗಳಾಡುತ್ತಿದ್ದರು, ಅದೆಲ್ಲ ಕಿವಿಗೆ ಹೋಗುತ್ತಿರಲಿಲ್ಲ. ಕಳ್ಳ, ಕಳ್ಳ, ಕಳ್ಳ ಎಂದು ನನ್ನದೇ ದನಿ ಕೇಳುತ್ತಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ತುದಿಯನ್ನು ಒಳಗಡೆಯಿಂದ ತೂತಿಗೆ ಚುಚ್ಚಿ ತಿರುಗಿಸಿದೆ. ಬಿಳಿ ಪುಡಿ ಉದುರಿತು. ಊದಿದೆ. ಕೆಂಪು ಬೊಟ್ಟಿನ ನಡುವೆ ಒಂದು ಸಣ್ಣ ಕಣ್ಣು ತೆರೆಯಿತು. ಮುಚ್ಚಳ ತಿರುಗಿಸಿ ಹಾಕಿದೆ.

ಗಂಡ ಕೊಡಲಿ ಹಿಡಿದು ಬಂದರು.

"ಇನ್ನೊಮ್ಮೆ ಜಗ್ಗ್ರಿ," ಎಂದೆ.

"ನಿನಗ ಹುಚ್ಚ ಹಿಡದೈತೇನ? ಎಲ್ಲಾರೂ ನಗಾಕತ್ತಾರ."

"ನಗಲಿ. ಜಗ್ಗ್ರಿ."

ಎರಡನೇ ಎಳೆತಕ್ಕೆ ಎದ್ದಿತು. ಒಂದು ನಿಮಿಷವಾಯಿತು. ಎರಡಾಯಿತು. ಇವರು ನನ್ನ ಕಡೆ ನೋಡುತ್ತ, ಗರಗಸದ ಕಡೆ ನೋಡುತ್ತ, ನಂಬದೆ ನಂಬದೆ ಕೊಯ್ಯತೊಡಗಿದರು. ಮರದ ಪುಡಿ ಕೆಂಪು ಹೂವಿನ ಮೇಲೆ ಬಿತ್ತು. ಅದು ನಿಂತರೆ ಸಾಕು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಇದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ನಿಂತುಬಿಟ್ಟರೆ ದೋಷ ಬೇರೆ ಎಲ್ಲೋ ಇದೆ ಎಂದಾಗುತ್ತಿತ್ತು. ನಿಲ್ಲಲಿಲ್ಲ.

ಬೊಡ್ಡೆಯ ತುಂಡು ಉರುಳಿದಾಗ ಓಣಿ ತೆರೆಯಿತು. ಆ ಕಡೆ ನಿಂತಿದ್ದವರ ನಡುವೆ ಮಿಸ್ತ್ರಿ ಕೈಕಟ್ಟಿ ನಿಂತಿದ್ದ. ಕತ್ತು ಒಂದು ಕಡೆ ವಾಲಿಸಿ ಗರಗಸದ ಸದ್ದು ಕೇಳುತ್ತಿದ್ದ, ವೈದ್ಯರು ಎದೆ ಕೇಳಿದ ಹಾಗೆ. ತಾನೇ ಜೋಡಿಸಿದ ಇಂಜಿನ್ ಅಲ್ಲವೇ. ನನ್ನನ್ನು ನೋಡಿದ. ಆರು ತಿಂಗಳಲ್ಲಿ ಮೊದಲ ಸಲ ನಾನು ಕಣ್ಣು ಕೆಳಗೆ ಹಾಕಿದೆ.

ಸಂಜೆ ಊಟಕ್ಕೆ ಕೂತಾಗ ಗಂಡ ಖುಷಿಯಲ್ಲಿದ್ದರು. "ಏನ್ ಮಾಡಿದಿ ಅದಕ್ಕ?" ಎಂದರು. ಮುಚ್ಚಳ ತಂದು ತಟ್ಟೆಯ ಪಕ್ಕ ಇಟ್ಟು ಹೇಳಿದೆ. ಜೋರಾಗಿಯೇ ಹೇಳಬೇಕು, ಕಿವಿ ಕೇಳುವುದಿಲ್ಲ. ತಿರುಗಿಸಿ ನೋಡಿದರು. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

"ಯಾರಿಗರ ಹೇಳಿಯೇನ?" ಎಂದರು.

"ಇಲ್ಲ."

"ಹೇಳಬ್ಯಾಡ. ಮಶೀನ ಹಳೇದು, ತಾನ ಸರಿ ಆತು ಅಂದ್ರ ಮುಗೀತು. ಯಾರ ಕೇಳ್ತಾರ?"

"ಮತ್ತ ಮಿಸ್ತ್ರಿ?"

"ನಾ ಎಲ್ಲಿ ಅಂದೆ ಅವಗ ಕಳ್ಳ ಅಂತ? ನೀ ಅಂದಿ."

ಅದು ಖರೆ. ಅವತ್ತು ಮಧ್ಯಾಹ್ನ ಬೈದದ್ದು ಕನ್ನಡದಲ್ಲಿ, ಆ ಓಣಿಯಲ್ಲಿ ಅದು ತಿಳಿಯುವುದು ನನಗೊಬ್ಬಳಿಗೇ. ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಅಂದವಳು ನಾನು. ನಾನು ತಟ್ಟೆ ಎತ್ತಿದೆ.

ಮರುದಿನ ಬೆಳಿಗ್ಗೆ, ಬೆಂಚು ತುಂಬುವ ಹೊತ್ತಿಗೇ ಹೋದೆ. ಮೊದಲೇ ಹೋಗಿ ಅವನೊಬ್ಬನಿಗೆ ಹೇಳಿ ಬರಬಹುದಿತ್ತು. ಕೂಗಿದ್ದು ಏಳೆಂಟು ಜನರ ಮುಂದೆ, ಹೇಳಬೇಕಾದದ್ದೂ ಅಲ್ಲೇ. ಕಾರ್ಯದರ್ಶಿ ಮಣ್ಣಿನ ಕುಡಿಕೆಯಲ್ಲಿ ಚಹಾ ಊದಿಕೊಳ್ಳುತ್ತಿದ್ದ. ಮಿಸ್ತ್ರಿ ಬಾಗಿಲಲ್ಲಿ ಖಾಲಿ ಕೂತಿದ್ದ.

"ಎಲ್ಲರೂ ಕೇಳಿ," ಎಂದೆ. ಅದೇ ದನಿಯಲ್ಲಿ. "ಇವನು ಏನೂ ಕದ್ದಿಲ್ಲ. ಮಶೀನ್ ಕೆಡಿಸಿದವಳು ನಾನು. ಇಲ್ಲಿ ನೋಡಿ, ಇದು ಮಶೀನ್ ಉಸಿರಾಡುವ ತೂತು. ಅದರ ಮೇಲಿನ ಈ ವಿಭೂತಿ ನಾನು ಹಚ್ಚಿದ್ದು."

ಮುಚ್ಚಳ ಕೈಯಿಂದ ಕೈಗೆ ಹೋಯಿತು. ಒಬ್ಬ ಪಕ್ಕನೆ ನಕ್ಕ. "ಕಾಕಿಮಾ, ಹಾಗಾದರೆ ಕಳ್ಳ ಯಾರು, ನಿಮ್ಮ ಠಾಕೂರೋ?"

"ಕಳ್ಳ ಯಾರೂ ಇಲ್ಲ. ದಡ್ಡಿ ಇದ್ದಾಳೆ, ನಿನ್ನ ಮುಂದೆ ನಿಂತಿದ್ದಾಳೆ, ನೋಡಿಕೋ."

ಕಾರ್ಯದರ್ಶಿ ನಗಲಿಲ್ಲ, ಚಹಾ ಕೆಳಗಿಟ್ಟ. ಮುಚ್ಚಳ ಕೊನೆಗೆ ಮಿಸ್ತ್ರಿಯ ಹತ್ತಿರ ಬಂತು. ಅವನು ಅವತ್ತಿನ ಹಾಗೆಯೇ ಬಟ್ಟೆಯಲ್ಲಿ ಹಿಡಿದುಕೊಂಡ.

"ನಾನು ಅವತ್ತೇ ನೋಡಿದ್ದೆ ಭಾಭಿ," ಎಂದ ಮೆಲ್ಲಗೆ. "ಒರೆಸಬೇಕು ಅನ್ನಿಸ್ತು. ನಿಮ್ಮ ಪೂಜೆಯದ್ದು. ಗ್ರೀಸಿನ ಕೈ ನಂದು, ಹ್ಯಾಗೆ ಮುಟ್ಟಲಿ? ಟ್ಯಾಂಕಿಯಿಂದ ಓಡಿಸಿ ನೋಡಿ ನಿಮಗೇ ಹೇಳೋಣ ಅಂತ ಇದ್ದೆ. ನೀವು ನಿಲ್ಲಲಿಲ್ಲ."

ನಾನು ಹೇಸಿಗೆ ಎಂದುಕೊಂಡಿದ್ದು ಇದನ್ನು. ಬೆಂಚಿನ ಮೇಲಿದ್ದವರು ಸರಿದು ಜಾಗ ಕೊಟ್ಟರು. ಅವನು ಮುಚ್ಚಳವನ್ನು ಬಟ್ಟೆ ಸಮೇತ ನನ್ನ ಕಡೆ ಚಾಚಿದ. "ಇನ್ನೂ ಪೂರ್ತಿ ತೆರೆದಿಲ್ಲ, ಮತ್ತೆ ಕಟ್ಟುತ್ತೆ," ಎಂದ. "ಈಗಲೂ ನಾನು ಮುಟ್ಟೋದಿಲ್ಲ. ನೀವೇ ತೆಗೀರಿ."

ಚಹಾದವನಿಂದ ಹಾಲಿನ ಪ್ಯಾಕೆಟ್ಟು ಕತ್ತರಿಸುವ ಬ್ಲೇಡು ಇಸಿದುಕೊಂಡೆ. ಆ ಬೆಂಚಿನ ಮೇಲೆ ಅವರೆಲ್ಲರ ನಡುವೆ ಕೂತು, ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು, ಕರಿ ಬಣ್ಣ ಕಾಣುವ ತನಕ ಬೊಟ್ಟನ್ನು ಕೆರೆದು ತೆಗೆದೆ.